ಇಪ್ಪತ್ತೇಳನೆಯ ಪೆಟ್ಟಿಗೆ

ನಮ್ಮ ಭಾವ ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ಲಿಫ್ಟಿನ ಸದ್ದು ಕೇಳುತ್ತಿದ್ದರು, ಮನುಷ್ಯರ ಮಾತು ಆಮೇಲೆ. ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆದಾಗ ಆಸ್ಪತ್ರೆಗೆ ಬಂದವರು ಅವಳ ಮಂಚದ ಪಕ್ಕ ನಿಂತು, "ಇವರು ಲಿಫ್ಟಿಗೆ ಎಣ್ಣೆ ಕಾಣಿಸಿ ಆರು ತಿಂಗಳಾದ್ರೂ ಆಗಿರ್ಬೇಕು" ಎಂದರು. ಕಾಲು ಹೇಗಿದೆ ಎಂದು ಕೇಳಿದ್ದು ಅದಾದ ಮೇಲೆ. ಅಕ್ಕ ಇದನ್ನು ಬಂದವರೆದುರು ಹೋದವರೆದುರು ಹೇಳಿ ನಗುತ್ತಿದ್ದಳು. ಈಗ ಹೇಳುವುದಿಲ್ಲ. ಕೇಳಿಸಿಕೊಳ್ಳಲು ಅಕ್ಕಪಕ್ಕದಲ್ಲಿ ಯಾರೂ ಉಳಿದಿಲ್ಲ.

ಮೂವತ್ತನಾಲ್ಕು ವರ್ಷ ಅವರು ಲಿಫ್ಟ್ ರಿಪೇರಿ ಮಾಡಿದರು. ನಮ್ಮ ವಸತಿಯಲ್ಲಿ ಎಲ್ಲರೂ ಅವರನ್ನು ಲಿಫ್ಟಣ್ಣ ಎನ್ನುತ್ತಿದ್ದರು. ತಮಾಷೆಯೆಂದರೆ ನಮ್ಮ ಆರು ಕಟ್ಟಡಗಳಲ್ಲಿ ಒಂದಕ್ಕೂ ಲಿಫ್ಟ್ ಇಲ್ಲ. ನಾಲ್ಕು ಮಹಡಿ, ಬರೀ ಮೆಟ್ಟಿಲು. ಕಾರ್ಖಾನೆಯವರು ಕೆಲಸಗಾರರಿಗೆಂದು ಕಟ್ಟಿಸಿ, ಆಮೇಲೆ ಹೊರಗಿನವರಿಗೂ ಬಾಡಿಗೆಗೆ ಕೊಟ್ಟ ಮನೆಗಳು. ಕೆಲಸಗಾರ ಅಂದಮೇಲೆ ಕಾಲು ಇದ್ದೇ ಇರುತ್ತದಲ್ಲ. ಅಕ್ಕ ಒಮ್ಮೆ, "ಊರಿನವರನ್ನೆಲ್ಲ ಮೇಲೆ ಕಳಿಸ್ತೀರಿ, ನಾನು ಮಾತ್ರ ಬಕೆಟ್ ಹಿಡ್ಕೊಂಡು ಹತ್ತಬೇಕು" ಎಂದದ್ದಕ್ಕೆ ಅವರು ಹಠ ಹಿಡಿದು ನೆಲಮಹಡಿಗೆ ಮನೆ ಬದಲಾಯಿಸಿಕೊಂಡರು. ನಾನು ನಾಲ್ಕನೇ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬಳೇ ಇದ್ದೆ. ವಿಮಾ ಕಚೇರಿಯೊಂದರಲ್ಲಿ ಟೈಪಿಸ್ಟ್. ಹಾಗಾಗಿ ನಿವಾಸಿಗಳ ಸಂಘದ ಕಾಗದ ಪತ್ರವೆಲ್ಲ ನನ್ನ ತಲೆಗೇ ಬಂತು. ಭಾವ ನನ್ನನ್ನು ಟೈಪಿಸ್ಟಮ್ಮ ಎಂದೇ ಕರೆಯುತ್ತಿದ್ದರು.

ಕಾರ್ಖಾನೆ ಮುಚ್ಚಿದ ಮೇಲೆ ಜಾಗದ ಮಾಲೀಕರು ನಮ್ಮನ್ನು ಎಬ್ಬಿಸಲು ನೋಡಿದರು. ಕಾನೂನು ಹೇಳಿದ್ದು ಇಷ್ಟು: ಹತ್ತು ವರ್ಷ ಬಿಡದೆ ಒಂದೇ ಮನೆಯಲ್ಲಿ ಇದ್ದೇವೆಂದು ತೋರಿಸಿದವರಿಗೆ ಬದಲಿ ಮನೆ ಕೊಡಬೇಕು, ತೋರಿಸಲಾಗದವರು ತೊಂಬತ್ತು ದಿನದಲ್ಲಿ ಜಾಗ ಬಿಡಬೇಕು. ತೋರಿಸುವುದು ಯಾವುದರಿಂದ? ನೀರು, ಕರೆಂಟು ಎಲ್ಲವೂ ಕಾರ್ಖಾನೆಯ ಹೆಸರಿನಲ್ಲಿ. ಇದ್ದದ್ದು ವಸತಿ ಕಚೇರಿಯ ಒಂದು ದಪ್ಪ ರಿಜಿಸ್ಟರ್. ಕೇಳಲು ಹೋದರೆ ಅದರ ನಡುವಿನ ಎಂಬತ್ತು ಪುಟ ಇಲಿ ತಿಂದಿದೆ ಎಂದರು. ಸರಿಯಾಗಿ ನಮ್ಮ ಆರು ಕಟ್ಟಡಗಳ ಪುಟಗಳೇ. "ಓದು ಬರಹ ಬಲ್ಲ ಇಲಿ" ಎಂದು ಭಾವ ಹೇಳಿದರು. ಕೇಸು ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದೆಂದು ಕೋರ್ಟು ತಡೆ ಕೊಟ್ಟಿತು. ಹಳೆಯದು ಹೋಯಿತು, ಇನ್ನು ಹತ್ತು ವರ್ಷದ ಲೆಕ್ಕ ಹೊಸದಾಗಿ ಶುರುವಾಗಬೇಕಿತ್ತು.

ಈ ಸಲ ಇಲಿಯ ಬಾಯಿಗೆ ಸಿಗದ ಹಾಗೆ ಬರೆದಿಡಬೇಕು ಎಂದು ಸಂಘ ತೀರ್ಮಾನಿಸಿತು. ಬ್ಲಾಕ್‌ಚೈನ್ ಎಂಬ ಮಾತನ್ನು ತಂದದ್ದು ಮೂರನೇ ಮಹಡಿಯ ದರ್ಜಿ. ಒಂದೇ ಪುಸ್ತಕದ ನಕಲು ಹತ್ತಾರು ಜನರ ಹತ್ತಿರ ಇರುತ್ತದೆ. ಹೊಸ ಪುಟ ಸೇರಬೇಕಾದರೆ ಹೆಚ್ಚಿನವರು ಒಪ್ಪಬೇಕು. ಹಳೆಯ ಪುಟ ತಿದ್ದಬೇಕಾದರೂ ಅಷ್ಟೇ ಜನ ಕೈಜೋಡಿಸಬೇಕು. ಅಂಥ ನೆಟ್‌ವರ್ಕ್‌ಗಳಲ್ಲಿ ನಮಗೆ ಯಾವುದು ಸರಿ ಎಂದು ಹೋಲಿಸಿ ವರದಿ ಬರೆಯುವ ಕೆಲಸ ನನಗೂ ಭಾವನಿಗೂ ಬಿತ್ತು. ಅವರು ಹೇಳುವುದು, ನಾನು ಟೈಪು ಮಾಡುವುದು. ಮೂರು ವಾರ ಅಕ್ಕನ ಅಡುಗೆಮನೆಯ ಮೇಜೇ ನಮ್ಮ ಆಫೀಸು.

ಮೊದಲನೆಯದು ಲೋಕವೆಲ್ಲ ಬಳಸುವ ದೊಡ್ಡ ನೆಟ್‌ವರ್ಕ್. ಸಾವಿರಾರು ಯಂತ್ರಗಳು, ಸಾವಿರಾರು ಕೈಗಳು. ಅದನ್ನು ತಿದ್ದುವ ಗಂಡು ಹುಟ್ಟಿಲ್ಲ. ಆದರೆ ಅದು ಇಡೀ ಊರಿಗಿರುವ ಒಂದೇ ನಲ್ಲಿಯ ಹಾಗೆ, ಸೆಕೆಂಡಿಗೆ ಹತ್ತೋ ಹದಿನೈದೋ ಸಾಲು ಮಾತ್ರ ಒಳಗೆ ಬಿಡುತ್ತದೆ. ಜನ ಜಾಸ್ತಿಯಾದ ದಿನ ಒಂದು ಸಾಲು ಬರೆಸುವುದಕ್ಕೆ ತೆರಬೇಕಾದ ಶುಲ್ಕ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಇನ್ನೂರ ನಲವತ್ತು ಮನೆಗಳ ಸಾಲನ್ನು ತಿಂಗಳು ತಿಂಗಳು ಅಲ್ಲಿ ಬರೆಸುವ ತ್ರಾಣ ನಮಗಿರಲಿಲ್ಲ.

ಎರಡನೆಯದು ವೇಗದ್ದು. ಅದರ ಏಜೆಂಟನೊಬ್ಬ ಇಸ್ತ್ರಿಯ ಗೆರೆ ಕೆಡದ ಅಂಗಿ ಹಾಕಿಕೊಂಡು ಸಭೆಗೆ ಬಂದ. ಸೆಕೆಂಡಿಗೆ ನಾಲ್ಕು ಸಾವಿರ ಸಾಲು, ಶುಲ್ಕ ಇಲ್ಲವೆನ್ನುವಷ್ಟು ಕಡಿಮೆ. ಜನ ತಲೆಯಾಡಿಸಿದರು. ಭಾವ ಹಿಂದಿನ ಬೆಂಚಿನಿಂದ ಕೇಳಿದರು:

"ಎಷ್ಟು ಯಂತ್ರ ಇದಾವೆ?"

"ಇಪ್ಪತ್ತೊಂದು, ಸರ್. ಅದಕ್ಕೇ ಇಷ್ಟು ವೇಗ. ಜನ ಕಡಿಮೆ ಇದ್ರೆ ಒಪ್ಪಿಗೆ ಬೇಗ ಸಿಗುತ್ತೆ."

"ಹೋದ ವರ್ಷ ಅದು ಹದಿನೇಳು ಗಂಟೆ ನಿಂತಿತ್ತಂತೆ. ಮತ್ತೆ ಶುರು ಮಾಡಿದ್ದು ಯಾರು?"

"ನಮ್ಮವರೇ ಸರ್. ಎಲ್ಲರೂ ಕೂತು ಮಾತಾಡಿ, ಯಾವ ಪುಟದಿಂದ ಶುರು ಮಾಡೋದು ಅಂತ ತೀರ್ಮಾನ ಮಾಡಿದ್ರು."

"ಹಾಗಾದ್ರೆ ಕೂತು ಮಾತಾಡಿ ನಮ್ಮ ಮನೆ ಪುಟಾನೂ ತೆಗೀಬಹುದು."

ಏಜೆಂಟ್ ನಕ್ಕ. ಅವನ ಜೊತೆ ಯಾರೂ ನಗಲಿಲ್ಲ.

ಮೂರನೆಯದು ಭಾವನ ಮನಸ್ಸಿನಲ್ಲಿದ್ದದ್ದು: ನಮ್ಮದೇ ಒಂದು. ಊಟದ ಡಬ್ಬಿಯಷ್ಟಿನ ನಲವತ್ತು ಪೆಟ್ಟಿಗೆಗಳು, ಆರು ಮನೆಗೊಂದರಂತೆ. ಪ್ರತಿ ಪೆಟ್ಟಿಗೆಯೊಳಗೂ ಅದರದೇ ಗುಪ್ತ ಕೀಲಿ, ಅಂದರೆ ಅದರ ಸಹಿ. ಬರೆಯಲು ಸಾಲಿದ್ದರೆ ಹತ್ತು ನಿಮಿಷಕ್ಕೆ ಒಂದು ಪುಟ. ನಲವತ್ತರಲ್ಲಿ ಇಪ್ಪತ್ತೇಳು ಪೆಟ್ಟಿಗೆ ಒಪ್ಪಿದರೆ ಪುಟ ಸೇರುತ್ತದೆ, ಆಗ ಪೆಟ್ಟಿಗೆಗಳ ಹಳದಿ ದೀಪ ಒಂದು ಗಳಿಗೆ ಹಸಿರಾಗುತ್ತದೆ. ಇಪ್ಪತ್ತಾರೇ ಎಚ್ಚರವಿದ್ದರೆ ಪುಸ್ತಕ ನಿಂತುಹೋಗುತ್ತದೆ.

"ನಿಧಾನ ಆಯ್ತಲ್ಲ ಲಿಫ್ಟಣ್ಣ" ಎಂದ ದರ್ಜಿ.

"ನಾವೇನು ದಿನಾ ಮನೆ ಬದಲಾಯಿಸ್ತೀವಾ? ತಿಂಗಳಿಗೊಂದು ಸಾಲು. ಅದಕ್ಕೆ ನಾಲ್ಕು ಸಾವಿರದ ವೇಗ ತಗೊಂಡು ಉಪ್ಪಿನಕಾಯಿ ಹಾಕ್ತೀಯಾ?" ಭಾವ ಎದ್ದು ನಿಂತರು. "ಲಿಫ್ಟಿಗೆ ಆರು ಹಗ್ಗ ಯಾಕೆ ಕಟ್ತಾರೆ ಗೊತ್ತಾ? ಭಾರ ಹೊರೋದಕ್ಕೆ ಒಂದೇ ಸಾಕು. ಆದ್ರೆ ಆ ಒಂದನ್ನ ನಂಬ್ಕೊಂಡು ಯಾರೂ ಒಳಗೆ ನಿಲ್ಲಬಾರ್ದು, ಅದಕ್ಕೆ ಆರು."

ತಿಂಗಳಿಗೊಮ್ಮೆ ನಮ್ಮ ಪುಸ್ತಕದ ಬೆರಳ ಗುರುತನ್ನು, ಅಂದರೆ ಒಂದಕ್ಷರ ತಿದ್ದಿದರೂ ಬದಲಾಗುವ ಪುಟ್ಟ ಸಂಕೇತವೊಂದನ್ನು ಮಾತ್ರ ಆ ದೊಡ್ಡ ನೆಟ್‌ವರ್ಕಿಗೆ ಕಳಿಸಿಡೋಣ, ಖರ್ಚು ಒಂದೇ ಸಾಲಿನದು ಎಂದು ದರ್ಜಿ ಮತ್ತೆ ಹೇಳಿದ. ನಮ್ಮ ಮನೆ ಬಾಗಿಲಿಗೆ ಪರರ ಬೀಗ ಯಾಕೆ ಎಂದು ಭಾವ ಅದನ್ನು ತಳ್ಳಿಹಾಕಿದರು. ದರ್ಜಿ ಹೇಳಿದ್ದೇ ಸರಿ ಎಂದು ಈಗ ಅನ್ನಿಸುತ್ತದೆ. ಆಗ ನನಗೂ ಭಾವನೇ ಸರಿ ಕಂಡರು. ನನ್ನ ವರದಿಯಲ್ಲಿ ಒಂದು ಕೋಷ್ಟಕವಿತ್ತು: ವೇಗ, ಶುಲ್ಕ, ಪೆಟ್ಟಿಗೆಗಳ ಸಂಖ್ಯೆ. ಮೂರೇ ಕಾಲಂ. ನಾಲ್ಕನೆಯದೊಂದು ಬೇಕಿತ್ತು ಎಂದು ನನಗೆ ಹೊಳೆಯಲೇ ಇಲ್ಲ.

ಮೊದಲ ನಾಲ್ಕು ವರ್ಷ ಪುಸ್ತಕ ಚೆನ್ನಾಗಿಯೇ ನಡೆಯಿತು. ಆಮೇಲೆ ನೀರು ದಿನ ಬಿಟ್ಟು ದಿನ ಆಯಿತು, ಮಾಲೀಕರು ಮೆಟ್ಟಿಲ ದೀಪಗಳನ್ನು ಕಿತ್ತರು, ಜನ ಒಬ್ಬೊಬ್ಬರಾಗಿ ಬೇರೆ ಕಡೆ ಹೊರಟರು. ಹೊರಡುವವರು ಏನು ಮಾಡುತ್ತಾರೆ? ಮನೆಯ ಕೀಲಿಯನ್ನು ನಂಬಿಕಸ್ಥ ನೆರೆಯವರ ಕೈಗೆ ಕೊಡುತ್ತಾರೆ. ಹಾಗೆಯೇ ಪೆಟ್ಟಿಗೆಯನ್ನೂ ಭಾವನ ಕೈಗೆ ಕೊಟ್ಟರು. ಎರಡನೇ ಕಟ್ಟಡದ ನರ್ಸಮ್ಮ ಮೊದಲು ಕೊಟ್ಟಳು, ಆಮೇಲೆ ಬಸ್ ಡ್ರೈವರ್, ಆಮೇಲೆ ಅವಳಿ ಮಕ್ಕಳ ತಾಯಿ. ದರ್ಜಿಯೂ ಹೋದ. ಕೆಲವರು ಹೇಳದೆ ಕೇಳದೆ ಪೆಟ್ಟಿಗೆಯನ್ನು ಮೂಟೆಯಲ್ಲಿ ಕಟ್ಟಿಕೊಂಡು ಹೋದರು, ಕೆಲವು ಕೆಟ್ಟವು. ಅಂಥವು ಹದಿಮೂರು.

ಉಳಿದವರ ಮನೆಗೆ ಹಂಚಲು ಭಾವ ಪೆಟ್ಟಿಗೆ ಹೊತ್ತು ಮೆಟ್ಟಿಲು ಮೆಟ್ಟಿಲು ಹತ್ತಿದ್ದನ್ನು ನಾನೇ ಕಂಡಿದ್ದೇನೆ. ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ಒಂದೇ ಮಾತು ಹೇಳಿದರು: "ನಿಮ್ಮ ಹತ್ರಾನೇ ಇರ್ಲಿ ಲಿಫ್ಟಣ್ಣ. ನಿಮಗಿಂತ ನಂಬಿಕಸ್ಥರು ಯಾರಿದಾರೆ?" ಹೀಗೆಂದವರು ಒಬ್ಬೊಬ್ಬರಾಗಿ ತಮ್ಮ ಮನೆಯ ಪೆಟ್ಟಿಗೆಯನ್ನೂ ಅವರಿಗೇ ಒಪ್ಪಿಸಿದರು. ಇಂಥ ಮಾತನ್ನು ಕೇಳಿಸಿಕೊಂಡು ಖುಷಿಪಡದೆ ಇರುವುದು ಯಾವ ಮನುಷ್ಯನಿಗೂ ಕಷ್ಟ. ಭಾವ ಪೆಟ್ಟಿಗೆಯನ್ನು ಮತ್ತೆ ಕೆಳಗೆ ತಂದು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಕಬ್ಬಿಣದ ಕಪಾಟಿನ ಮೇಲೆ ಇಡುತ್ತಿದ್ದರು. ಪ್ರತಿಯೊಂದರ ಮೇಲೂ ಚೀಟಿ: 'ನರ್ಸಮ್ಮ', 'ಡ್ರೈವರ್', 'ಅವಳಿ'. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಲ್ಲ, ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರು. ಉಗ್ರಾಣದ ಡಬ್ಬಿಗಳೆಲ್ಲ ಮಂಚದ ಕೆಳಗೆ ಹೋದವು. "ಸವತಿಯರು ಬಂದು ಕೂತಿದಾರೆ, ಒಬ್ಬಿಬ್ಬರಲ್ಲ" ಎಂದು ಅಕ್ಕ ಗೊಣಗಿದಳು. ಪೆಟ್ಟಿಗೆಗಳ ಪಟ್ಟಿಯನ್ನೇ ಚಿಕ್ಕದು ಮಾಡಿ, ನಲವತ್ತರ ಬದಲು ಹತ್ತೋ ಹನ್ನೆರಡೋ ಇಡಬಹುದಲ್ಲ ಎಂದು ನಾನು ಕೇಳಿದ್ದೆ. "ನಲವತ್ತು ಅಂತ ಶುರು ಮಾಡಿ ಹತ್ತಕ್ಕಿಳಿದ್ರೆ ನೋಡಿದವರು ಏನಂತಾರೆ?" ಎಂದರು. ಅದು ಜಂಬ. ಒಳ್ಳೆಯವರಿಗೂ ಜಂಬ ಇರುತ್ತದೆ.

ನನ್ನ ಮನೆಯಲ್ಲಿದ್ದ ಪೆಟ್ಟಿಗೆ ಬಾಗಿಲ ಎದುರಿನ ಗೂಡಿನಲ್ಲಿತ್ತು. ಹತ್ತು ವರ್ಷ ತುಂಬಲು ಒಂದು ವರ್ಷ ಇತ್ತು. ನಾನು ಹೊಸ ಟೀವಿ ತೆಗೆದುಕೊಂಡೆ, ಅದಕ್ಕೆ ಆ ಗೂಡೇ ಬೇಕಿತ್ತು, ಆ ಪ್ಲಗ್ಗೇ ಬೇಕಿತ್ತು. ಪೆಟ್ಟಿಗೆಯ ಫ್ಯಾನು ಗುಂಯ್ ಎನ್ನುವುದು ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಭಾವನನ್ನು ಕರೆದು, ಇದನ್ನೂ ನಿಮ್ಮ ಉಗ್ರಾಣಕ್ಕೆ ಸೇರಿಸಿ ಎಂದೆ.

ಅವರು ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ಬಾಗಿಲಲ್ಲೇ ನಿಂತರು. "ಇದೊಂದು ನಿನ್ನ ಹತ್ರ ಇದ್ದಿದ್ರೆ ಒಳ್ಳೇದಿತ್ತು" ಎಂದರು.

"ನಿಮ್ಮ ಹತ್ರ ಇದ್ರೇನು, ನನ್ನ ಹತ್ರ ಇದ್ರೇನು ಭಾವ. ಎರಡೂ ಒಂದೇ ಅಲ್ವಾ?"

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಟೀವಿಯ ರಟ್ಟಿನ ಪೆಟ್ಟಿಗೆಯ ಟೇಪು ಹರಿಯುತ್ತಿದ್ದೆ. "ಒಂದೇ ಬಿಡು" ಎಂದು ಹೇಳಿ ಇಳಿದು ಹೋದರು.

ಹತ್ತು ವರ್ಷ ತುಂಬಿದ ಮೂರನೇ ತಿಂಗಳಿಗೆ ವಿಚಾರಣೆ ಬಂತು. ಉಳಿದಿದ್ದವು ತೊಂಬತ್ತೊಂದು ಮನೆ. ಎಲ್ಲರ ಹತ್ತು ವರ್ಷದ ವಾಸವೂ ಆ ಪುಸ್ತಕದಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ವಿಚಾರಣೆಯ ಕೋಣೆ ಐದನೇ ಮಹಡಿಯಲ್ಲಿ. ಅಕ್ಕನ ಕಾಲಿನ ದೆಸೆಯಿಂದ ಲಿಫ್ಟಿನಲ್ಲಿ ಹೋದೆವು. ಭಾವ ಕಿವಿಗೊಟ್ಟು ಕೇಳಿ, "ಇದನ್ನ ಚೆನ್ನಾಗಿ ಇಟ್ಟಿದಾರೆ" ಎಂದು ಮೆಚ್ಚಿದರು. ಅವರ ಮುಖದಲ್ಲಿ ಭಯವಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

ನಮ್ಮ ವಕೀಲರು ಮೊದಲೇ ಹೇಳಿಕೊಟ್ಟಿದ್ದರು: "ಎಷ್ಟು ಪೆಟ್ಟಿಗೆ ಅಂತ ಕೇಳಿದ್ರೆ ಇಪ್ಪತ್ತೇಳು ಎಚ್ಚರವಾಗಿದಾವೆ ಅನ್ನಿ. ಅದು ನಿಜಾನೇ. ಅದರಾಚೆ ಬಾಯಿ ಬಿಡಬೇಡಿ."

ವಿಚಾರಣಾಧಿಕಾರಿಗೆ ಈ ವಿಷಯ ತಿಳಿಯದಾದ್ದರಿಂದ ಒಬ್ಬ ತಜ್ಞೆಯನ್ನು ಕರೆಸಿದ್ದರು. ಮೂವತ್ತರ ಆಸುಪಾಸಿನ ಹೆಂಗಸು, ದನಿ ಎತ್ತದೆ ಮಾತಾಡುತ್ತಿದ್ದಳು. ನನ್ನ ಹಳೆಯ ವರದಿಯನ್ನು ಓದಿದ್ದಳು. ಹೋಲಿಕೆ ಚೆನ್ನಾಗಿದೆ ಎಂದೂ ಹೇಳಿದಳು. ಆಮೇಲೆ ತಾನು ಮಾಡಿದ ಕೋಷ್ಟಕವನ್ನು ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಳು. ನಾನು ಹಾಕಿದ ಮೂರು ಕಾಲಮ್ಮೇ ಇತ್ತು, ಪಕ್ಕದಲ್ಲಿ ನಾಲ್ಕನೆಯದೊಂದು: 'ಎಷ್ಟು ಕೈಗಳಲ್ಲಿ'. ದೊಡ್ಡ ನೆಟ್‌ವರ್ಕಿನ ಎದುರು 'ಸಾವಿರಾರು' ಎಂದಿತ್ತು. ವೇಗದ್ದರ ಎದುರು ಪೆಟ್ಟಿಗೆ ಇಪ್ಪತ್ತೊಂದು, ಕೈ ಏಳು. ನಮ್ಮದರ ಎದುರು ಪೆಟ್ಟಿಗೆ ಇಪ್ಪತ್ತೇಳು, ಕೈ ಇರಬೇಕಾದ ಜಾಗ ಖಾಲಿ.

"ಇದನ್ನ ನೀವೇ ತುಂಬಿಕೊಡಬೇಕು" ಎಂದಳು. "ಇಪ್ಪತ್ತೇಳು ಪೆಟ್ಟಿಗೆ ಇಪ್ಪತ್ತೇಳು ಜನರ ಹತ್ರ ಇದಾವಾ?"

ವಕೀಲರು ಕೆಮ್ಮಿದರು. ಅಕ್ಕ ನನ್ನ ಕೈ ಹಿಡಿದಳು. ಭಾವ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಜೀವಮಾನದಲ್ಲಿ ಒಂದು ಲಿಫ್ಟಿನ ತಪಾಸಣೆ ಪತ್ರಕ್ಕೂ ನೋಡದೆ ಸಹಿ ಹಾಕಿದವರಲ್ಲ.

"ಇಲ್ಲಮ್ಮ. ಎಲ್ಲಾ ನನ್ನ ಹತ್ರಾನೇ ಇದಾವೆ. ನಮ್ಮ ಮನೆ ಉಗ್ರಾಣದಲ್ಲಿ."

"ಹಾಗಾದ್ರೆ ನೀವೊಬ್ಬರೇ ಮನಸ್ಸು ಮಾಡಿದ್ರೆ ಹತ್ತು ವರ್ಷದ ಪುಸ್ತಕವನ್ನ ಮೊದಲಿಂದ ಬರೀಬಹುದಿತ್ತು?"

"ಬರೀಬಹುದಿತ್ತು. ಬರೆದಿಲ್ಲ."

ಎದುರು ಪಕ್ಷದ ವಕೀಲರು, "ಬೇಲಿಯೇ ಎದ್ದು ಹೊಲ ಮೇಯೋ ಕಾಲ ಸ್ವಾಮಿ ಇದು" ಎಂದರು. ಆ ಬೇಲಿ ಒಂದು ಹುಲ್ಲೆಸಳನ್ನೂ ಮುಟ್ಟಿರಲಿಲ್ಲ. ಕೂಗಿ ಹೇಳಬೇಕೆನಿಸಿತು.

ಅಧಿಕಾರಿ ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದರು: "ನೀವು ತಿದ್ದಿಲ್ಲ ಅಂತ ನಾನೂ ನಂಬ್ತೀನಿ ಯಜಮಾನರೇ. ಆದ್ರೆ ಯಾರನ್ನೂ ನಂಬೋ ಅಗತ್ಯ ಬರಬಾರ್ದು ಅಂತಲೇ ಅಲ್ವಾ ನೀವು ಈ ಪುಸ್ತಕ ಮಾಡಿದ್ದು? ನಿಮ್ಮ ಮಾತಿನ ಮೇಲೆ ನಾನು ತೊಂಬತ್ತೊಂದು ಮನೆ ಕೊಡೋಕಾಗಲ್ಲ. ಒಬ್ಬರ ಮಾತೇ ಸಾಕು ಅನ್ನೋದಾದ್ರೆ ಆ ಹಳೇ ರಿಜಿಸ್ಟರಿನ ಗುಮಾಸ್ತನ ಮಾತೂ ಸಾಕಲ್ವಾ?"

ಭಾವ ತಲೆಯಾಡಿಸಿದರು. ಅವರಿಗೆ ಅದು ಅರ್ಥವಾಯಿತು, ಅದೇ ನನ್ನನ್ನು ಕೊಂದದ್ದು. ಅರ್ಥವಾಗದೆ ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ತಜ್ಞೆ ಇನ್ನೊಂದು ಪ್ರಶ್ನೆ ಕೇಳಿದಳು. ಅವಳಿಗೂ ನಮ್ಮನ್ನು ಉಳಿಸುವ ಆಸೆಯಿತ್ತು ಎಂದು ಈಗಲೂ ಅಂದುಕೊಳ್ಳುತ್ತೇನೆ. "ಒಂದೇ ಒಂದು ಪೆಟ್ಟಿಗೆ ಹೊರಗೆ, ಬೇರೆಯವರ ಮನೇಲಿ ಇದ್ದಿದ್ರೂ ಸಾಕಿತ್ತು. ಇಪ್ಪತ್ತಾರರಿಂದ ನೀವು ಒಂದು ಅಕ್ಷರಾನೂ ತಿದ್ದೋಕಾಗ್ತಿರಲಿಲ್ಲ. ಎರಡು ಕೈ ಇದೆ ಅಂತ ನಾನು ಬರ್ಕೊಡ್ತಿದ್ದೆ. ಅಂಥವರು ಯಾರಾದ್ರೂ ಇದ್ರಾ?"

"ಇದ್ರು" ಎಂದರು ಭಾವ. "ಹೋದ ವರ್ಷದ ತನಕ."

"ಆಮೇಲೆ?"

"ನಾನೇ ಹೋಗಿ ಎತ್ಕೊಂಡು ಬಂದೆ. ನನ್ನದೇ ತಪ್ಪು."

ಅವರು ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಮೂರನೇ ಸಾಲಿನಲ್ಲಿ ಅವರ ಬೆನ್ನನ್ನು ನೋಡುತ್ತ ಕುಳಿತಿದ್ದೆ. ಎದ್ದು ನಿಂತು ಹೇಳಬಹುದಿತ್ತು. ಹೇಳಿದ್ದರೆ ತೀರ್ಪು ಬದಲಾಗುತ್ತಿರಲಿಲ್ಲ, ನಿಜ. ಆದರೆ ನಾನು ಏಳದೆ ಕುಳಿತದ್ದು ಆ ಲೆಕ್ಕ ಹಾಕಿ ಅಲ್ಲ, ಹೆದರಿಕೆಯಿಂದ. ಸುತ್ತ ಇದ್ದವರು ತೊಂಬತ್ತು ಮನೆಯವರು. ನನ್ನ ಟೀವಿಯನ್ನು ನೋಡಲು ಬಂದವರೇ ಅವರಲ್ಲಿ ಅರ್ಧ ಜನ.

ತಜ್ಞೆ ಖಾಲಿ ಜಾಗದಲ್ಲಿ 'ಒಂದು' ಎಂದು ಬರೆದಳು. ಊಟದ ಹೊತ್ತಿಗಿಂತ ಮುಂಚೆ ತೀರ್ಪು ಬಂತು: ಪುಸ್ತಕವನ್ನು ಸಾಕ್ಷ್ಯವಾಗಿ ಪರಿಗಣಿಸಲಾಗದು, ತೊಂಬತ್ತು ದಿನ. ಹೊರಗೆ ಬಂದಾಗ ಭಾವ ಲಿಫ್ಟಿನ ಹತ್ತಿರ ಹೋಗಲಿಲ್ಲ. ಅಕ್ಕನನ್ನು ನನ್ನ ಜೊತೆ ಬಿಟ್ಟು ಐದು ಮಹಡಿಯನ್ನೂ ಮೆಟ್ಟಿಲಿನಲ್ಲಿ ಇಳಿದರು.

"ಆರು ಹಗ್ಗ ಕಟ್ಟಿ" ಎಂದು ದಾರಿಯಲ್ಲಿ ಒಮ್ಮೆ ಹೇಳಿದರು, "ಆರನ್ನೂ ಒಂದೇ ಕೊಕ್ಕೆಗೆ ಸಿಕ್ಕಿಸ್ದೆ. ಕೆಲಸಕ್ಕೆ ಹೊಸದಾಗಿ ಸೇರಿದವನೂ ಹಾಗೆ ಮಾಡಲ್ಲ."

ಜನ ಅವರನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತೇನೋ. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು, ಅಷ್ಟೇ. ಲಿಫ್ಟಣ್ಣ ಎಂದು ಕರೆಯುವವರು ಕಡಿಮೆಯಾದರು.

ನಾಲ್ಕು ದಿನ ಬಿಟ್ಟು ಅವರ ಮನೆಗೆ ಹೋದೆ. ಉಗ್ರಾಣದ ಬಾಗಿಲು ತೆರೆದಿತ್ತು, ಇಪ್ಪತ್ತೇಳು ಹಳದಿ ದೀಪಗಳೂ ಉರಿಯುತ್ತಿದ್ದವು. ಭಾವ ಸ್ಟೂಲಿನ ಮೇಲೆ ಕುಳಿತಿದ್ದರು.

"ಯಾಕೆ ನನ್ನ ಹೆಸರು ಹೇಳಲಿಲ್ಲ?" ಎಂದೆ.

"ಹೇಳಿ ಏನಾಗ್ಬೇಕಿತ್ತು?"

"ಅವತ್ತು ಬಾಗಿಲಲ್ಲಿ ನಿಂತಾಗ ನಿಮಗೆ ಗೊತ್ತಿತ್ತಾ? ಇದೇ ಕಡೇದು ಅಂತ?"

ಅವರು ನನ್ನ ಪೆಟ್ಟಿಗೆಯ ಮೇಲೆ ಎದ್ದಿದ್ದ ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. "ಗೊತ್ತಿತ್ತು. ಎರಡೂ ಒಂದೇ ಅಂದ್ಯಲ್ಲ. ಇಲ್ಲ ಒಂದೇ ಅಲ್ಲ ಅಂದ್ರೆ ನಿನ್ನ ಮೇಲೆ ನನಗೆ ನಂಬಿಕೆ ಇಲ್ಲವೇನೋ ಅಂದ್ಕೋತೀಯ ಅನ್ನಿಸ್ತು. ಮನೆಯೋರ ಹತ್ರ ಹ್ಯಾಗೆ ಹೇಳೋದು ಅದನ್ನ."

ಅಕ್ಕ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಳು. ನನ್ನ ಮುಂದೆ ಕಾಫಿ ಇಟ್ಟು ಒಳಗೆ ಹೋದಳು. ಯಾವಾಗಲೂ ಎರಡು ಚಮಚ ಸಕ್ಕರೆ ಹಾಕುವವಳು ಅವತ್ತು ಹಾಕಿರಲಿಲ್ಲ. ಮರೆತಳೋ ಬೇಕೆಂದೇ ಬಿಟ್ಟಳೋ ಕೇಳುವ ಧೈರ್ಯ ನನಗೆ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

'ಟೈಪಿಸ್ಟಮ್ಮ' ಎಂದು ಚೀಟಿ ಅಂಟಿಸಿದ್ದ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದೆ. ಟೀವಿಯನ್ನು ನೆಲಕ್ಕಿಳಿಸಿ ಪೆಟ್ಟಿಗೆಯನ್ನು ಅದರ ಹಳೆಯ ಗೂಡಿನಲ್ಲಿಟ್ಟು ಪ್ಲಗ್ ಹಾಕಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ. ಇಪ್ಪತ್ತಾರು ಅಲ್ಲಿ, ಒಂದು ಇಲ್ಲಿ. ಈಗ ಭಾವ ಒಬ್ಬರೇ ಯಾವ ಸಾಲನ್ನೂ ತಿದ್ದಲಾರರು.

ತೊಂಬತ್ತು ದಿನದಲ್ಲಿ ಮನೆಗಳು ಖಾಲಿಯಾದವು. ಯಾರೂ ಕೇಳದಿದ್ದರೂ ಭಾವ ಪ್ರತಿ ಮನೆಯ ಸಾಲನ್ನೂ ಬರೆದರು: ಇಂಥ ಕಟ್ಟಡ, ಇಂಥ ಮನೆ, ಇಷ್ಟು ವರ್ಷ ಇದ್ದರು, ಇಂಥ ದಿನ ಬಿಟ್ಟರು. ಒಂದೊಂದು ಸಾಲಿಗೂ ನನ್ನ ಗೂಡಿನ ದೀಪ ಹಸಿರಾಗಿ ಮತ್ತೆ ಹಳದಿಯಾಗುತ್ತಿತ್ತು. ಎಂಬತ್ತೆಂಟನೇ ದಿನ ಬೆಳಿಗ್ಗೆ ಕೆಳಗೆ ಟೆಂಪೋ ಬಂದು ನಿಂತಿತು. ಅಕ್ಕ ಅದರ ಮುಂದಿನ ಸೀಟಿನಲ್ಲಿ ಮಡಿಲಿಗೆ ಪಾತ್ರೆಯ ಚೀಲ ಇಟ್ಟುಕೊಂಡು ಕುಳಿತಿದ್ದಳು. ಭಾವ ಇನ್ನೂ ಒಳಗೆ ತಮ್ಮ ಮನೆಯ ಸಾಲು ಬರೆಯುತ್ತಿದ್ದರು. ನಾನು ಮೇಲೆ ನನ್ನ ಮನೆಯಲ್ಲಿ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಅದರ ಪ್ಲಗ್ ಕಿತ್ತರೆ ಪುಸ್ತಕ ನಿಲ್ಲುತ್ತಿತ್ತು. ಅವರು ಆ ಮನೆ ಬಿಟ್ಟರು ಎನ್ನುವ ಸಾಲು ಯಾವತ್ತೂ ಸೇರುತ್ತಿರಲಿಲ್ಲ. ಪ್ಲಗ್ಗಿನ ಮೇಲೆ ಕೈ ಇಟ್ಟೆ. ಆಮೇಲೆ ತೆಗೆದೆ. ಕಡೆಯ ಸಾಲು ಇಲ್ಲದೆ ಅವರ ಪುಸ್ತಕ ಸುಳ್ಳಾಗಬಾರದಿತ್ತು.

ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು. ಕಿಟಕಿಯಿಂದ ನೋಡಿದರೆ ಭಾವ ಬಾಗಿಲಿಗೆ ಬೀಗ ಹಾಕಿ, ಕೀಲಿ ಯಾರ ಕೈಗೆ ಕೊಡುವುದೆಂದು ತಿಳಿಯದೆ ಹೊಸ್ತಿಲ ಮೇಲೇ ಇಟ್ಟು, ಟೆಂಪೋ ಹತ್ತುತ್ತಿದ್ದರು.